ಅಪ್ಪ ಹೂಂ ಅನ್ನುವ ತನಕ

ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದರು. ರಸ್ತೆಯ ಮೇಲೆ ಹೋಗುವ ಕ್ರೇನ್ ಅಲ್ಲ, ಶೆಡ್ಡಿನ ಸೂರಿನಡಿ ಹಳಿಯ ಮೇಲೆ ಆ ತುದಿಯಿಂದ ಈ ತುದಿಗೆ ಓಡಾಡುವಂಥದ್ದು. ಕಬ್ಬಿಣದ ಏಣಿ ಹತ್ತಿ, ಗಾಜಿನ ಗೂಡಿನಂಥ ಕ್ಯಾಬಿನ್ನಿನಲ್ಲಿ ಕೂತು, ಕೆಳಗೆ ನಿಂತವರು ಕೈಸನ್ನೆ ಮಾಡಿದ ಹಾಗೆ ಕೊಕ್ಕೆ ಇಳಿಸುವುದು, ಎತ್ತುವುದು. ಅರ್ಧ ಆಯುಷ್ಯ ಜನರ ನೆತ್ತಿ ನೋಡಿಕೊಂಡೇ ದುಡಿದವರು. ಕಾರ್ಖಾನೆಯಲ್ಲಿ ಯಾರಿಗೆ ಬೊಕ್ಕತಲೆ ಶುರುವಾಗಿದೆ ಅನ್ನೋದು ಅವರವರ ಹೆಂಡತಿಗಿಂತ ಮೊದಲು ನನಗೆ ಗೊತ್ತಾಗುತ್ತೆ ಅಂತ ಹೇಳಿಕೊಂಡು ನಗುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಾವು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ನಾನು ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಡಿಗ್ರಿ ಓದುತ್ತಿದ್ದೆ. ಮನೆಯಲ್ಲಿ ಅಪ್ಪ, ಅಮ್ಮ, ನಾನು. ಇರೋದು ಮೂರು ಜನವಾದರೂ ತೀರ್ಮಾನ ಮಾತ್ರ ಒಬ್ಬರದೇ. ಅಪ್ಪನ ಅಂಗಿಯ ಬಣ್ಣ, ನಾನು ಓದುವ ವಿಷಯ, ಯಾವ ನೆಂಟರ ಮದುವೆಗೆ ಹೋಗಬೇಕು, ಯಾರದ್ದಕ್ಕೆ ಹೋಗಬಾರದು, ಎಲ್ಲ ಅಮ್ಮನ ಇಲಾಖೆ. ಅಪ್ಪನಿಗೆ ಅದರಲ್ಲಿ ಬೇಜಾರೇನೂ ಇದ್ದ ಹಾಗೆ ಕಾಣಲಿಲ್ಲ. ದಾರಿಯಲ್ಲಿ ಯಾರಾದರೂ ಅಪ್ಪನನ್ನು ‘ಊಟ ಆಯ್ತಾ’ ಅಂತ ಕೇಳಿದರೆ ಪಕ್ಕದಲ್ಲಿದ್ದ ಅಮ್ಮ ‘ಆಯ್ತು, ಇವತ್ತು ಮುದ್ದೆ ಸ್ವಲ್ಪ ಜಾಸ್ತಿನೇ ಹೊಡೆದ್ರು’ ಅಂತ ಉತ್ತರ ಕೊಡುತ್ತಿದ್ದರು. ಅಪ್ಪ ಹೌದು ಅನ್ನುವ ಹಾಗೆ ಹೊಟ್ಟೆ ಸವರಿಕೊಳ್ಳುತ್ತಿದ್ದರು.

ಒಂದು ದಿನ ಮಧ್ಯಾಹ್ನದ ಪಾಳಿಯಲ್ಲಿ, ಕ್ಯಾಬಿನ್ನಿನಲ್ಲಿ ಕೂತಿದ್ದಾಗ, ಅಪ್ಪನಿಗೆ ಎದೆ ಹಿಡಿದುಕೊಂಡಂತಾಯಿತು. ಕೈ ನಡುಗಿತು, ಬೆವರು ಕಣ್ಣಿಗಿಳಿಯಿತು, ಇಗೋ ಸತ್ತೆ ಅನ್ನಿಸಿತಂತೆ. ಕೊಕ್ಕೆಯಲ್ಲಿದ್ದ ಲೋಡನ್ನು ಮೆಲ್ಲಗೆ ನೆಲಕ್ಕೆ ಮುಟ್ಟಿಸಿ, ಕ್ರೇನು ಆರಿಸಿ, ಹಾಗೇ ಕೂತುಬಿಟ್ಟರು. ಜೊತೆಯವರು ಮೇಲೆ ಹತ್ತಿ, ಒಂದೊಂದೇ ಮೆಟ್ಟಿಲಿಗೆ ಕಾಲಿಡಿಸಿ ಇಳಿಸಿಕೊಂಡು ಬಂದರು. ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು, ರಕ್ತ ತೆಗೆದರು, ರಾತ್ರಿಯೆಲ್ಲ ಇಟ್ಟುಕೊಂಡರು. ಬೆಳಿಗ್ಗೆ ಡಾಕ್ಟರು ಬಂದು, ಹಾರ್ಟು ಕುದುರೆಯ ಹಾಗಿದೆ, ಮನೆಗೆ ಹೋಗಿ ಅಂದರು.

ಕುದುರೆ ಆದರೂ ಅಪ್ಪನಿಗೆ ನೆಮ್ಮದಿ ಇರಲಿಲ್ಲ. ಮುಂದಿನ ವಾರ ಬಸ್ಸು ಸೇತುವೆಯ ಮೇಲೆ ಹೋಗುವಾಗ ಮತ್ತೆ ಹಾಗೇ ಆಯಿತು. ಆಮೇಲೆ ಸಂತೆಯ ನೂಕುನುಗ್ಗಲಿನಲ್ಲಿ, ಆಮೇಲೆ ಕ್ಷೌರದಂಗಡಿಯ ಕುರ್ಚಿಯಲ್ಲಿ, ಅರ್ಧ ಗಡ್ಡ ಬೋಳಿಸಿದ್ದಾಗ. ಉಳಿದರ್ಧ ಗಡ್ಡದಲ್ಲೇ ಎದ್ದು ಮನೆಗೆ ಬಂದರು. ಎಲ್ಲೆಲ್ಲಿ ಹಾಗಾಯಿತೋ ಅಲ್ಲಲ್ಲಿಗೆ ಹೋಗುವುದನ್ನು ಬಿಡುತ್ತಾ ಬಂದರು. ಬಸ್ಸು ಬಿಟ್ಟರು, ಸಂತೆ ಬಿಟ್ಟರು, ರಜೆ ಹಾಕಿ ಕಾರ್ಖಾನೆಯನ್ನೂ ಬಿಟ್ಟರು. ಕೊನೆಗೆ ಅವರ ಪ್ರಪಂಚ ನಮ್ಮ ಮನೆಯ ಗೇಟಿನ ತನಕ ಬಂದು ನಿಂತಿತು.

ಅಮ್ಮ ಸುಮ್ಮನೆ ಕೂರುವ ಜನ ಅಲ್ಲ. ಮಠದಿಂದ ವಿಭೂತಿ ಬಂತು. ತೋಳಿಗೆ ತಾಯಿತ ಬಂತು. ಜೀರಿಗೆ ಕಷಾಯ ದಿನಕ್ಕೆರಡು ಹೊತ್ತು ಬಂತು. ಅಪ್ಪ ಒಂದಕ್ಕೂ ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಕೇಳಿದವರೂ ಯಾರೂ ಇರಲಿಲ್ಲ. ಪಕ್ಕದ ಮನೆಯಲ್ಲಿ ತಮಿಳು ಕುಟುಂಬವೊಂದಿತ್ತು. ಆ ಮಾಮ ಅಪ್ಪನ ಜೊತೆ ಅದೇ ಶೆಡ್ಡಿನಲ್ಲಿ ದುಡಿದು ಆಗಷ್ಟೇ ರಿಟೈರ್ ಆಗಿದ್ದವರು. ಒಂದು ದಿನ ಅವರು, ಇದು ಮನಸ್ಸಿನ ಕಡೆಯದ್ದಿರಬಹುದು, ಶಿವಮೊಗ್ಗದಲ್ಲಿ ಸವಳಂಗ ರಸ್ತೆಯಲ್ಲಿ ಅದಕ್ಕೇ ಒಬ್ಬ ಡಾಕ್ಟರಿದ್ದಾರೆ, ತೋರಿಸಿ ಅಂದರು. ಅಮ್ಮ ಮೊದಲು ಮುಖ ಸಿಂಡರಿಸಿದರು. ಹುಚ್ಚರ ಡಾಕ್ಟರ ಹತ್ತಿರ ಹೋದರು ಅಂದರೆ ನಾಳೆ ನನಗೆ ಗಂಡು ಹುಡುಕುವುದು ಹೇಗೆ ಅನ್ನುವುದು ಅವರ ಚಿಂತೆ. ಎರಡು ದಿನ ಯೋಚಿಸಿ, ಎಂದಿನಂತೆ ತಾವೇ ತೀರ್ಮಾನ ಮಾಡಿದರು. ಅಪ್ಪನಿಗೆ ಮಾತ್ರ, ಕಣ್ಣು ಟೆಸ್ಟ್ ಮಾಡಿಸಿಕೊಂಡು ಬರೋಣ ನಡೀರಿ ಅಂದರು.

ಬಾಡಿಗೆಗೆ ಒಂದು ಮಾರುತಿ ವ್ಯಾನ್ ಹಿಡಿದೆವು. ಅಪ್ಪ ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಇದ್ದರು. ವ್ಯಾನ್ ಇಳಿದು ಆ ಆಸ್ಪತ್ರೆಯ ಮುಂದೆ ನಿಂತಾಗ ತಲೆಯೆತ್ತಿ ಬೋರ್ಡು ಓದಿದರು, ಅಮ್ಮನ ಮುಖ ನೋಡಿದರು, ಒಳಗೆ ಬಂದರು. ಡಾಕ್ಟರು ವಯಸ್ಸಾದವರು, ನಿಧಾನದವರು. ಅಪ್ಪನ ಮಾತನ್ನೂ ಅಮ್ಮನ ಮಾತನ್ನೂ ಕೇಳಿದರು. ಇದು ಹೆದರಿಕೆಯ ಕಾಯಿಲೆ, ಎಷ್ಟೋ ಜನಕ್ಕೆ ಬರುತ್ತೆ, ವಾಸಿಯಾಗುವಂಥದ್ದು ಅಂದರು. ಒಂದು ಮಾತ್ರೆಯ ವಿಷಯ ಬಿಡಿಸಿ ಹೇಳಿ, ಅದರ ಜೊತೆ ಮಾತಿನ ಚಿಕಿತ್ಸೆಯೂ ಆದರೆ ಒಳ್ಳೆಯದು, ಅದಕ್ಕೆ ಮಹಡಿಯ ಮೇಲೆ ಒಬ್ಬರಿದ್ದಾರೆ, ನೋಡಿಕೊಂಡು ಹೋಗಿ ಅಂತ ಕಳಿಸಿದರು.

ಮೇಲಿದ್ದವರು ನನಗಿಂತ ಹೆಚ್ಚೆಂದರೆ ಏಳೆಂಟು ವರ್ಷ ದೊಡ್ಡವರು. ಹತ್ತಿಯ ಸೀರೆ, ದಪ್ಪ ಕನ್ನಡಕ. ನಮ್ಮ ಮನೆಯಲ್ಲಿ ಅವರಿಗೆ ಆಮೇಲೆ ‘ಕೌನ್ಸೆಲಿಂಗ್ ಮೇಡಂ’ ಅಂತಲೇ ಹೆಸರಾಯಿತು. ಅವರು ಅಪ್ಪನನ್ನು ಏನಾಗುತ್ತಿದೆ ಅಂತ ಕೇಳಿದರು. ಅಮ್ಮ ಕ್ರೇನಿನಿಂದ ಶುರು ಮಾಡಿ ಸೇತುವೆಗೆ ಬರುತ್ತಿದ್ದಂತೆ, ಮೇಡಂ ಮೆಲ್ಲಗೆ, ನಾನು ಅವರನ್ನ ಕೇಳಿದ್ದು ಅಮ್ಮ ಅಂದರು. ಅಮ್ಮನಿಗೆ ಅದು ಹೊಸ ಅನುಭವ.

“ಇಲ್ಲಿಗೆ ಯಾಕೆ ಬಂದಿದ್ದೀರಿ ಅಂತ ನಿಮಗೆ ಯಾರಾದ್ರೂ ಹೇಳಿದ್ರಾ?” ಅಂತ ಮೇಡಂ ಅಪ್ಪನನ್ನು ಕೇಳಿದರು.

“ಕಣ್ಣು ಟೆಸ್ಟ್ ಅಂದ್ರು,” ಅಂದರು ಅಪ್ಪ. “ಕೆಳಗಡೆ ಬೋರ್ಡ್ ಓದಿದೆ. ಕಣ್ಣು ಚೆನ್ನಾಗೇ ಇದೆ.”

ನನಗೆ ನಗು ತಡೆಯಲಿಕ್ಕಾಗಲಿಲ್ಲ. ಮೇಡಂ ಕೂಡ ನಕ್ಕರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಬದಿಗಿಟ್ಟು, ಹಾಗಿದ್ದರೆ ಇವತ್ತು ನಾನು ಶುರು ಮಾಡೋದಿಲ್ಲ ಅಂದುಬಿಟ್ಟರು. ವ್ಯಾನ್ ಹಿಡಿದುಕೊಂಡು ಬಂದಿದ್ದೇವೆ ಅಂತ ಅಮ್ಮ ಹೇಳಿದ್ದನ್ನು ಅವರು ಕೇಳಿಸಿಕೊಂಡರು, ಆದರೆ ಮಾತು ಬದಲಿಸಲಿಲ್ಲ. ಅಪ್ಪನ ಕಡೆ ತಿರುಗಿ, ಈ ಚಿಕಿತ್ಸೆ ಅಂದರೆ ಏನು ಅಂತ ಹೇಳತೊಡಗಿದರು. ವಾರಕ್ಕೊಮ್ಮೆ ಕೂತು ಮಾತಾಡುವುದು, ಹೆದರಿಕೆ ಬರುವ ಜಾಗಗಳಿಗೆ ಸ್ವಲ್ಪಸ್ವಲ್ಪವಾಗಿ ತಿರುಗಿ ಹೋಗುವ ಅಭ್ಯಾಸ. ಕೆಲವರಿಗೆ ಬೇಗ ಗುಣವಾಗುತ್ತೆ, ಕೆಲವರಿಗೆ ತಡ, ಖಂಡಿತ ಆಗೇ ಆಗುತ್ತೆ ಅಂತ ನಾನು ಮಾತು ಕೊಡಲಾರೆ. ಮೊದಮೊದಲು ಹೆದರಿಕೆ ಜಾಸ್ತಿ ಅನ್ನಿಸಲೂಬಹುದು. ಬೇಡ ಅನ್ನಿಸಿದ ದಿನ ಬಿಡಬಹುದು, ಕಾರಣ ಹೇಳಬೇಕಾಗಿಲ್ಲ. ಇದು ಬೇಡವಾದರೆ ಬರೀ ಮಾತ್ರೆಯಲ್ಲೇ ನೋಡುವ ದಾರಿಯೂ ಇದೆ. ನೀವು ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಅಂತ ನನಗೆ ಅನ್ನಿಸಿದರೆ ಮಾತ್ರ ಬೇರೆಯವರಿಗೆ ಹೇಳಬೇಕಾಗುತ್ತೆ, ಅದನ್ನ ಮೊದಲೇ ತಿಳಿಸಿರುತ್ತೀನಿ ಅಂದರು.

ಅಪ್ಪ ಬಾಗಿ ಕೇಳಿಸಿಕೊಳ್ಳುತ್ತಿದ್ದರು. ತಿಂಗಳುಗಳಿಂದ ಅವರ ಮುಖದಲ್ಲಿ ಅಷ್ಟು ಚುರುಕು ಕಂಡಿರಲಿಲ್ಲ.

“ಇವಳಿಗೂ ಹೇಳಲ್ವಾ?” ಅಂತ ಅಮ್ಮನ ಕಡೆ ಬೆರಳು ತೋರಿಸಿದರು.

“ನೀವು ಹೇಳಿ ಅಂದ್ರೆ ಹೇಳ್ತೀನಿ. ಇಲ್ಲಾಂದ್ರೆ ಇಲ್ಲ.”

ಅಪ್ಪ ಕುರ್ಚಿಗೆ ಆರಾಮಾಗಿ ಒರಗಿದರು. ಆಮೇಲೆ, ಕಾರ್ಖಾನೆಗೆ ಗೊತ್ತಾದರೆ ಕ್ರೇನಿನಿಂದ ಇಳಿಸಿಬಿಡುತ್ತಾರಾ ಅಂತ ಕೇಳಿದರು. ನನ್ನ ಬಾಯಿಂದ ಗೊತ್ತಾಗಲ್ಲ, ನೀವೇ ರಜೆಗೆ ಸರ್ಟಿಫಿಕೇಟ್ ಕೇಳಿದರೆ ಡಾಕ್ಟರು ಅದರಲ್ಲಿ ಏನಾದರೂ ಬರೆಯಲೇಬೇಕಾಗುತ್ತೆ, ಅದನ್ನ ನೋಡಿ ಅವರು ಏನು ಮಾಡ್ತಾರೋ ನನಗೆ ಗೊತ್ತಿಲ್ಲ ಅಂದರು ಮೇಡಂ. ಗೊತ್ತಿಲ್ಲ ಅನ್ನುವ ಆ ಮಾತು ಅಪ್ಪನಿಗೆ ತುಂಬ ಹಿಡಿಸಿತು ಅಂತ ಆಮೇಲೆ ಹೇಳಿದರು. ಅಲ್ಲಿಯ ತನಕ ಸಿಕ್ಕವರೆಲ್ಲ ಎಲ್ಲ ಗೊತ್ತಿದ್ದವರೇ ಆಗಿದ್ದರಂತೆ.

ಯೋಚನೆ ಮಾಡಿ ನೀವೇ ತಿಳಿಸಿ ಅಂತ ಹೇಳಿ ಮೇಡಂ ಕೈಮುಗಿದರು. ವಾಪಸ್ಸು ಬರುವಾಗ ಅಮ್ಮ ಭದ್ರಾವತಿ ಬರುವ ತನಕ ಗೊಣಗಿದರು. ಕಾಯಿಲೆ ಬಂದವರನ್ನ ಕೇಳಿಕೊಂಡು ಯಾರಾದರೂ ಔಷಧಿ ಕೊಡ್ತಾರಾ, ನಾನೇ ಹೂಂ ಅಂದ ಮೇಲೆ ಮುಗೀತಲ್ಲ ಅನ್ನುವುದು ಅವರ ವಾದ. ಅಪ್ಪ ಕಣ್ಣು ಮುಚ್ಚಿಕೊಂಡೇ ಇದ್ದರೂ ತುಟಿಯಲ್ಲಿ ಸಣ್ಣ ನಗೆ ಇತ್ತು.

ಆಮೇಲಿನ ದಿನಗಳು ಮಜವಾಗಿದ್ದವು. ಅಪ್ಪ ಮಾತ್ರೆ ತಗೊಳ್ಳುತ್ತಿದ್ದರು, ಮೇಡಂ ವಿಷಯಕ್ಕೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಅಮ್ಮ ಬೆಳಗಿನ ದೋಸೆಯ ಜೊತೆ ಕೇಳುತ್ತಿದ್ದರು, ಸಂಜೆಯ ಚಾದ ಜೊತೆ ಕೇಳುತ್ತಿದ್ದರು. ಯೋಚನೆ ಮಾಡ್ತಿದ್ದೀನಿ ಮಾರಾಯ್ತಿ ಅನ್ನುತ್ತಿದ್ದರು ಅಪ್ಪ. ಇಪ್ಪತ್ತು ವರ್ಷದ ಸಂಸಾರದಲ್ಲಿ ಇಡೀ ಮನೆ ಅವರ ಒಂದು ಮಾತಿಗಾಗಿ ಕಾದದ್ದು ಅದೇ ಮೊದಲು. ಅವರು ಬೀಗರ ಹಾಗೆ ಮನೆಯೊಳಗೆ ಓಡಾಡಿದರು. ಅಮ್ಮ ಅವರಿಗಿಷ್ಟ ಅಂತ ಅಕ್ಕಿ ರೊಟ್ಟಿಗೆ ಎಣ್ಣೆಗಾಯಿ ಮಾಡಿ ನೋಡಿದರು. ಅದನ್ನೂ ಉಂಡರು, ಯೋಚನೆಯನ್ನೂ ಮುಂದುವರಿಸಿದರು.

ಒಂದು ದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದವರು ತಲೆಯೆತ್ತದೆ ಹೇಳಿದರು: “ಆ ಮೇಡಂ ಹತ್ರ ಹೋಗ್ತೀನಿ. ನೀನು ಹೇಳಿದ್ದಕ್ಕಲ್ಲ ಮತ್ತೆ.”

ಹೀಗೆ ಶುರುವಾಯಿತು. ಒಳಗೆ ಏನೇನು ಮಾತಾಯಿತು ಅಂತ ನನಗೆ ಪೂರ್ತಿ ಗೊತ್ತಿಲ್ಲ. ಅಪ್ಪ ತಾವಾಗಿ ಹೇಳಿದ್ದಷ್ಟನ್ನೇ ಬರೆಯುತ್ತಿದ್ದೇನೆ. ಬರೆಯಲಾ ಅಂತ ಕೇಳಿದ್ದಕ್ಕೆ, ಹೆಸರು ಹಾಕಬೇಡ, ಬೊಕ್ಕತಲೆ ವಿಷಯ ಬೇಕಾದ್ರೆ ಹಾಕು ಅಂದರು. ಮೊದಲ ದಿನ ಮೇಡಂ, ಹಿಂದೆ ಬಾಯಲ್ಲಿ ಹೇಳಿದ್ದನ್ನೇ ಒಂದು ಹಾಳೆಯಲ್ಲಿ ಬರೆದು ಓದಲು ಕೊಟ್ಟರಂತೆ. ಅದರಲ್ಲಿ ‘ಗೌಪ್ಯತೆ’ ಅಂತ ಒಂದು ಪದವಿತ್ತು. ಹಾಗಂದರೇನು ಅಂತ ಅಪ್ಪ ಕೇಳಿದರು. ಯಾರ ಹತ್ತಿರವೂ ಬಾಯಿ ಬಿಡಲ್ಲ ಅಂತ ಅರ್ಥ ಅಂದರು ಮೇಡಂ. ಹಾಗೇ ಬರೀಬಹುದಲ್ಲ ಅಂದರು ಅಪ್ಪ. ಮೇಡಂ ಆ ಪದ ಹೊಡೆದು ಹಾಗೇ ಬರೆದರು, ಅಪ್ಪ ಸಹಿ ಮಾಡಿದರು.

ಮೇಡಂ ಹೇಳಿಕೊಟ್ಟದ್ದರ ತಿರುಳು ಇಷ್ಟು: ಹೆದರಿಕೆ ಬಂದಾಗ ಎದ್ದು ಓಡಬೇಡಿ, ಅದರ ಜೊತೆ ಜಗಳಕ್ಕೂ ನಿಲ್ಲಬೇಡಿ, ಕೂತಿರಿ, ಅದು ಏರುತ್ತೆ, ಆಮೇಲೆ ತಾನಾಗಿ ಇಳಿಯುತ್ತೆ. ಅಪ್ಪನಿಗೆ ಇದು ತಲೆಗೆ ಹೋದದ್ದು ಕ್ರೇನಿನ ಲೆಕ್ಕದಲ್ಲಿ. ಕೊಕ್ಕೆಯಲ್ಲಿ ಲೋಡು ತೂಗಾಡುವಾಗ ಗಾಬರಿಯಾಗಿ ಆ ಕಡೆ ಈ ಕಡೆ ಎಳೆದಾಡಿದರೆ ಇನ್ನೂ ತೂಗುತ್ತೆ, ಸಮಾಧಾನದಿಂದ ಬಿಟ್ಟರೆ ನಿಲ್ಲುತ್ತೆ, ಇದೂ ಹಂಗೇನೇ ಅಂತ ನನಗೆ ವಿವರಿಸಿದರು. ಮೊದಲು ಗೇಟಿನಾಚೆ ಹೋಗಿ ನಿಲ್ಲುವುದು, ಆಮೇಲೆ ಬೀದಿಯ ಮೂಲೆ, ಆಮೇಲೆ ಕ್ಷೌರದಂಗಡಿ. ಪೂರ್ತಿ ಗಡ್ಡ ಬೋಳಿಸಿಕೊಂಡು ಬಂದ ದಿನ ಅಮ್ಮ ದೃಷ್ಟಿ ತೆಗೆದರು. ಆಮೇಲೆ ಪಕ್ಕದ ಮನೆಯ ಮಾಮನ ಜೊತೆ ಬಸ್ಸಿನಲ್ಲಿ ಒಂದು ಸ್ಟಾಪು, ಎರಡು ಸ್ಟಾಪು.

ಗುಣವಾದ ಮೇಲೆ ಮೊದಲು ಎಲ್ಲಿಗೆ ಹೋಗಬೇಕು ಅಂತಿದ್ದೀರಿ ಅಂತ ಮೇಡಂ ಒಂದು ದಿನ ಕೇಳಿದರು. ಆವತ್ತು ನಾವೂ ಅಲ್ಲೇ ಇದ್ದೆವು. ಕಾರ್ಖಾನೆಗೆ ಅನ್ನುತ್ತಾರೆ ಅಂತ ಅಮ್ಮನೂ ನಾನೂ ಎಣಿಸಿದ್ದೆವು. ಅಪ್ಪ, ಸಕ್ರೆಬೈಲಿಗೆ, ಆನೆ ನೋಡೋಕೆ ಅಂದರು. ಇಷ್ಟು ಹತ್ತಿರ ಇದ್ದುಕೊಂಡು ಒಮ್ಮೆಯೂ ಹೋಗಿರಲಿಲ್ಲವಂತೆ. ಅವೂ ನನ್ನ ಹಾಗೇ ಕೈಸನ್ನೆ ನೋಡಿಕೊಂಡು ಭಾರ ಎತ್ತೋ ಜನ, ಒಂದ್ಸಲ ಮಾತಾಡಿಸ್ಕೊಂಡು ಬರ್ಬೇಕು ಅಂದರು. ಆಗಲಿ, ಅದನ್ನೇ ಗುರಿ ಇಟ್ಟುಕೊಳ್ಳೋಣ ಅಂದರು ಮೇಡಂ.

ಅಷ್ಟರಲ್ಲಿ ಮೇಡಂಗೆ ಮೈಸೂರಿನಲ್ಲಿ ಕೆಲಸವಾಯಿತು. ಅಪ್ಪನಿಗೆ ಕೈ ಬಿಟ್ಟು ಹೋದಂತಾಯಿತು. ಶಿವಮೊಗ್ಗದಲ್ಲೇ ಬೇರೆಯವರನ್ನು ಗೊತ್ತು ಮಾಡಿಕೊಡಲೂ ಮೇಡಂ ತಯಾರಿದ್ದರು, ಬೇಕಾದರೆ ಫೋನಿನಲ್ಲಿ ಮುಂದುವರಿಸಲೂ ತಯಾರಿದ್ದರು. ಫೋನು ಅಂದಾಗ ಮತ್ತೆ ಮೊದಲಿನಿಂದ ಎಲ್ಲ ಬಿಡಿಸಿ ಹೇಳಿದರು. ಫೋನಿನಲ್ಲಿ ನಿಮ್ಮ ಮುಖ ನನಗೆ ಕಾಣಲ್ಲ, ಬೆವರೋದು ನಡುಗೋದು ಗೊತ್ತಾಗಲ್ಲ, ನೀವೇ ಬಾಯಿಬಿಟ್ಟು ಹೇಳಬೇಕು. ಲೈನು ಕಟ್ಟಾದರೆ ಗಾಬರಿಯಾಗಬೇಡಿ, ನಾನೇ ತಿರುಗಿ ಮಾಡ್ತೀನಿ. ನನ್ನ ಕಡೆ ಬಾಗಿಲು ಹಾಕಿರುತ್ತೆ, ನಿಮ್ಮ ಕಡೆ ಯಾರು ಕೇಳಿಸಿಕೊಳ್ತಾರೆ ಅನ್ನೋದು ನನ್ನ ಕೈಯಲ್ಲಿಲ್ಲ, ಅದನ್ನ ನೀವೇ ನೋಡಿಕೊಳ್ಳಬೇಕು. ಮಾತಾಡುವಾಗ ತೀರಾ ತೊಂದರೆಯಾದರೆ ನಿಮ್ಮ ಹತ್ತಿರ ಓಡಿ ಬರುವಂಥ ಒಬ್ಬರ ನಂಬರು ಕೊಡಿ, ಅವರಿಗೂ ಹೇಳಿ ಒಪ್ಪಿಸಿರಿ ಅಂದರು.

ಅಪ್ಪ ಅದಕ್ಕೂ ಯೋಚಿಸಿ ಒಪ್ಪಿದರು. ನಂಬರು ಕೊಟ್ಟದ್ದು ಮಾತ್ರ ಪಕ್ಕದ ಮನೆಯ ಮಾಮನದ್ದು.

ಅಮ್ಮನಿಗೆ ಇದು ಗೊತ್ತಾದದ್ದು ಮಾಮನ ಹೆಂಡತಿಯ ಬಾಯಿಂದ. ಅವತ್ತು ಮನೆಯಲ್ಲಿ ಪಾತ್ರೆಗಳು ಬಹಳ ಸದ್ದು ಮಾಡಿದವು. ಊಟಕ್ಕೆ ಬಡಿಸುತ್ತಾ, ಕಟ್ಟಿಕೊಂಡ ಹೆಂಡತಿ ಒಂದು ಗೋಡೆಯಾಚೆ ಇರುವಾಗ ಎರಡು ಗೋಡೆಯಾಚೆಯವರು ಯಾಕೆ ಬೇಕಾಯಿತು ಅಂತ ಕೇಳಿದರು. ಅಪ್ಪ ತುತ್ತು ಕೆಳಗಿಟ್ಟರು.

“ನನಗೆ ಹಂಗಾದಾಗ ನೀನು ಹೆದರ್ತೀಯ. ನಿನ್ನ ಮುಖ ನೋಡಿ ನನಗೆ ಇನ್ನೂ ಹೆದರಿಕೆ ಆಗುತ್ತೆ. ಅವರು ಹೆದರಲ್ಲ, ಅಷ್ಟೇ ಕಣೆ.”

ಅಮ್ಮ ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಬಿಟ್ಟು ಮಜ್ಜಿಗೆ ತಂದರು. ಕಣ್ಣು ಕೆಂಪಾಗಿತ್ತು. ಅವರಿಗೆ ಸಿಟ್ಟು ಬಂದಿದೆ ಅಂತ ನಾನಂದುಕೊಂಡಿದ್ದೆ. ಮಾರನೇ ದಿನ ನನ್ನ ಹತ್ತಿರ, ಆವತ್ತು ಅವರನ್ನ ಕ್ರೇನಿನಿಂದ ಇಳಿಸಿಕೊಂಡು ಬಂದಾಗಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ, ಅದು ಅವರಿಗೆ ಗೊತ್ತಿದೆ ಅಂತ ನನಗೆ ಗೊತ್ತಿರಲಿಲ್ಲ ಅಂದರು.

ನಮ್ಮ ಫೋನು ಮುಂದಿನ ಹಾಲ್‌ನಲ್ಲಿತ್ತು, ಹಾಲ್ ಅಂದರೆ ಇಡೀ ಮನೆ. ಅಲ್ಲಿ ಕೆಮ್ಮಿದರೆ ಬಚ್ಚಲಿಗೆ ಕೇಳುತ್ತಿತ್ತು. ಹಾಗಾಗಿ ಭಾನುವಾರ ಬೆಳಿಗ್ಗೆ ಮೇಡಂ ಹತ್ತಿರ ಮಾತಾಡುವ ಹೊತ್ತಿಗೆ ಅಮ್ಮನೂ ನಾನೂ ಮನೆ ಖಾಲಿ ಮಾಡಬೇಕಾಯಿತು. ಮೊದಲ ವಾರ ಅಮ್ಮ ಹಿತ್ತಲಿನಲ್ಲಿ ಪಾತ್ರೆ ತೊಳೆಯುವ ನೆಪದಲ್ಲಿ ಉಳಿದುಕೊಂಡರು. ತೊಳೆದ ತಪ್ಪಲೆಯನ್ನೇ ತೊಳೆಯುತ್ತಿದ್ದರು. ಒಳಗಿನಿಂದ ಅಪ್ಪನ ದನಿ ಕೇಳಿತು: ಒಂದು ನಿಮಿಷ ಮೇಡಂ, ನಮ್ಮ ಕಡೆ ತಪ್ಪಲೆಗೆ ಕಿವಿ ಬಂದಿದೆ. ಅಮ್ಮ ಕೈ ಒರೆಸಿಕೊಂಡು ಪಕ್ಕದ ಮನೆಗೆ ಹೊರಟರು, ನಾನು ಹಿಂದೆ ಹೋದೆ.

ಪಕ್ಕದ ಮನೆಯ ಮಾಮಿ ಹಿತ್ತಾಳೆಯ ಫಿಲ್ಟರಿನಿಂದ ಕಾಫಿ ಬಸಿದು ಕೊಡುತ್ತಿದ್ದರು. ಅವರ ಕನ್ನಡದಲ್ಲಿ ಅರ್ಧ ತಮಿಳು, ಅಮ್ಮನಿಗೆ ತಮಿಳು ಒಂದಕ್ಷರ ಬಾರದು, ಆದರೂ ಇಬ್ಬರ ಮಾತು ಯಾವತ್ತೂ ನಿಂತದ್ದಿಲ್ಲ. ಮಾಮ ಮಾತ್ರ ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಡ್ಯೂಟಿಯಲ್ಲಿದ್ದವರ ಹಾಗೆ ಕೂತಿರುತ್ತಿದ್ದರು. ಮೇಡಂ ಕರೆದರೆ ಓಡಬೇಕಲ್ಲ. ಅವರು ಯಾವತ್ತೂ ಕರೆಯಲಿಲ್ಲ, ಮಾಮ ಒಂದು ಭಾನುವಾರವೂ ತಪ್ಪಿಸಲಿಲ್ಲ. ತಿಂಗಳು ಕಳೆಯುವುದರೊಳಗೆ ಅಮ್ಮ ಭಾನುವಾರ ಬೆಳಿಗ್ಗೆ ಬೇಗ ತಲೆಬಾಚಿಕೊಂಡು, ಇವತ್ತು ಮೇಡಂ ಇದ್ದಾರಲ್ವಾ ಅಂತ ತಾವೇ ಕೇಳತೊಡಗಿದರು. ಆ ಕಾಫಿಯ ಮೇಲೆ ಅವರ ಕಣ್ಣಿತ್ತು.

ಮಳೆ ಮುಗಿದ ಮೇಲೆ ಸಕ್ರೆಬೈಲಿಗೆ ಹೊರಟೆವು. ವ್ಯಾನ್ ಬೇಡ, ಬಸ್ಸೇ ಆಗಬೇಕು ಅಂತ ಅಪ್ಪನ ಹಟ. ಶಿವಮೊಗ್ಗದಲ್ಲಿ ಬಸ್ಸು ಬದಲಿಸಿ ತೀರ್ಥಹಳ್ಳಿ ಕಡೆಯ ಬಸ್ಸು ಹತ್ತಿದೆವು. ಅಪ್ಪ ಕಿಟಕಿಯ ಪಕ್ಕ ಕೂತರು, ನಾನು ಅವರ ಪಕ್ಕ, ಅಮ್ಮ ಹಿಂದಿನ ಸೀಟಿನಲ್ಲಿ. ಗಾಜನೂರು ಅಣೆಕಟ್ಟು ಸಮೀಪಿಸುವಾಗ ಅಪ್ಪನ ಕೈ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿಯಿತು, ಹಣೆಯ ಮೇಲೆ ಬೆವರೊಡೆಯಿತು. ಇಳಿಯೋಣವಾ ಅಂತ ನಾನು ಕೇಳಿದೆ. ಅವರು ಬೇಡ ಅಂತ ತಲೆಯಾಡಿಸಿದರು. ಹಿಂದೆ ತಿರುಗಿ ನೋಡಿದರೆ ಅಮ್ಮ ಸೆರಗು ಬಾಯಿಗೊತ್ತಿಕೊಂಡು, ನಮ್ಮ ಕಡೆ ನೋಡಲೇಬಾರದು ಅಂತ ಶಪಥ ಮಾಡಿದವರ ಹಾಗೆ ಹೊರಗಿನ ನೀರನ್ನೇ ದಿಟ್ಟಿಸುತ್ತಿದ್ದರು. ಕಂಡಕ್ಟರ್ ಬಂದು ಅಪ್ಪನ ಮುಖ ನೋಡಿ, ವಾಂತಿ ಬರುತ್ತಾ ಯಜಮಾನ್ರೇ, ನಿಲ್ಲಿಸ್ಬೇಕಾ ಅಂದ. ಇಲ್ಲ ಮಾರಾಯ, ಹೆದರಿಕೆ ಬಂದಿದೆ, ಅದರಷ್ಟಕ್ಕೆ ಹೋಗುತ್ತೆ ಅಂದರು ಅಪ್ಪ. ಕಂಡಕ್ಟರ್ ಮುಂದೆ ಹೋದ. ಸ್ವಲ್ಪ ಹೊತ್ತಿಗೆ ಅಪ್ಪನ ಬೆರಳುಗಳು ಒಂದೊಂದಾಗಿ ಸಡಿಲಾದವು.

ಸಕ್ರೆಬೈಲಿನಲ್ಲಿ ಆನೆಗಳು ತುಂಗೆಯಲ್ಲಿ ಮಲಗಿ ಬೆನ್ನು ತಿಕ್ಕಿಸಿಕೊಳ್ಳುತ್ತಿದ್ದವು. ಮಾವುತರು ಕಾಲಿನಿಂದ ತಿವಿದು ಏನೋ ಅಂದರೆ ಮಗ್ಗುಲು ಬದಲಿಸುತ್ತಿದ್ದವು. ಅಪ್ಪ ದಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬಿಸಿಲೇರುವ ತನಕ ನೋಡಿದರು. ಒಂದು ದೊಡ್ಡ ಆನೆ, ಮಾವುತ ಎಷ್ಟು ಹೇಳಿದರೂ ನೀರಿನಿಂದ ಏಳದೆ ಸೊಂಡಿಲು ಮಾತ್ರ ಹೊರಗಿಟ್ಟು ಮಲಗೇ ಇತ್ತು. ಅದರ ಮನಸ್ಸಿಗೆ ಬರೋ ತನಕ ಏಳಲ್ಲ ನೋಡು ಅಂತ ಅಪ್ಪ ಅಮ್ಮನಿಗೆ ತೋರಿಸಿದರು. ಅಮ್ಮ, ನನಗೆ ಅದನ್ನ ಬೇರೆ ತೋರಿಸ್ಬೇಕಾ ಅಂದರು. ಇಬ್ಬರೂ ನಕ್ಕದ್ದಕ್ಕೆ ಪಕ್ಕದಲ್ಲಿದ್ದವರು ತಿರುಗಿ ನೋಡಿದರು.

ಅದಾದ ಕೆಲವು ವಾರಕ್ಕೆ ಮೇಡಂ, ಅಪ್ಪನ ಒಪ್ಪಿಗೆ ಪಡೆದೇ, ಅಮ್ಮನ ಜೊತೆ ಮಾತಾಡಬೇಕು ಅಂದರು. ಅಮ್ಮ ರಿಸೀವರನ್ನು ಸ್ವಲ್ಪ ದೂರಕ್ಕೇ ಹಿಡಿದು ಕೇಳಿಸಿಕೊಂಡರು. ನಿಮಗೂ ಈ ದಿನಗಳು ಕಷ್ಟದ್ದೇ ಆಗಿವೆ, ಬೇಕು ಅನ್ನಿಸಿದರೆ ನಿಮ್ಮದೇ ಮಾತಿಗೆ ಒಂದು ಸಮಯ ಇಟ್ಟುಕೊಳ್ಳೋಣ, ಇದು ಹೇಗಿರುತ್ತೆ ಅಂತ ಹೇಳ್ತೀನಿ, ಬೇಡವಾದರೂ ಸರಿ ಅಂದರಂತೆ.

“ನನಗೆ ಬೇಡಮ್ಮ,” ಅಂದರು ಅಮ್ಮ. “ನನ್ನ ಮಾತಿಗೆ ಪಕ್ಕದ ಮನೆ ಇದೆ.”

ಆಮೇಲೆ ಮಾಡಬೇಕಾದ ವಾದವನ್ನೆಲ್ಲ ಅಮ್ಮ ಬಾಯಿಗೆ ತಂದುಕೊಂಡು ನಿಂತಿದ್ದರು ಅಂತ ಕಾಣುತ್ತೆ. ಆ ಕಡೆಯಿಂದ ಮೇಡಂ, ಸರಿ ಅಮ್ಮ, ಮುಂದೆ ಯಾವತ್ತಾದರೂ ಬೇಕು ಅನ್ನಿಸಿದರೆ ಹೇಳಿ ಅಂದು ಮಾತು ಮುಗಿಸಿದರು. ಅಮ್ಮ ಫೋನಿಟ್ಟು ನನ್ನ ಮುಖ ನೋಡಿದರು. ಬೇಡ ಅಂದೆ, ಸರಿ ಅಂದುಬಿಟ್ರು, ಅಷ್ಟೇ ಅಂದರು. ಆ ಇಡೀ ದಿನ ಅದನ್ನೇ ನಾಲ್ಕು ಥರ ಹೇಳಿದರು. ಅವರು ಬೇಡ ಅಂದದ್ದನ್ನು ಯಾರೂ ಅಷ್ಟು ಸಲೀಸಾಗಿ ಒಪ್ಪಿಕೊಂಡಿರಲಿಲ್ಲವೋ ಏನೋ. ತವರಿನಲ್ಲಿ ಹೈಸ್ಕೂಲು ಬಿಡಿಸಿದಾಗಲೂ ಅವರು ಬೇಡ ಅಂದಿದ್ದರಂತೆ. ಅದನ್ನು ನಾನು ಮೊದಲು ಕೇಳಿದ್ದು ಆವತ್ತು ಸಂಜೆ.

ಅದೇ ವರ್ಷ ಶಿವಮೊಗ್ಗದ ಗೋಪಾಳದ ಕಡೆಯಿಂದ ನನ್ನನ್ನು ನೋಡಲು ಬಂದರು. ಹುಡುಗ ಒಳ್ಳೆಯ ಕೆಲಸದಲ್ಲಿದ್ದ, ಬಂದವರು ಉಪ್ಪಿಟ್ಟು ಹೊಗಳಿದರು, ಅಮ್ಮನಿಗೆ ಮನೆತನ ಹಿಡಿಸಿತು. ಅವರು ಹೋದ ಮೇಲೆ ಅಮ್ಮ ನನ್ನ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತು, ಎಲ್ಲ ವಿಚಾರಿಸಿದ್ದನ್ನು ಒಂದೊಂದಾಗಿ ಹೇಳಿದರು. ಹುಡುಗನಿಗೆ ಮುಂಗೋಪವಂತೆ, ಅದನ್ನೂ ಮುಚ್ಚಿಡಲಿಲ್ಲ. ನಿನಗೆ ಹೇಗನ್ನಿಸುತ್ತೋ ಹೇಳು, ಅವಸರ ಇಲ್ಲ ಅಂದರು. ನಾನು ಬೇಡ ಅಂದೆ. ಅಮ್ಮನಿಗೆ ಬೇಜಾರಾದದ್ದು ಮುಖದಲ್ಲೇ ಕಾಣುತ್ತಿತ್ತು. ಎದ್ದು ಹೋಗಿ ಬಂದವರಿಗೆಂದು ತೆಗೆದಿದ್ದ ಬೆಳ್ಳಿ ತಟ್ಟೆ ಒಳಗಿಟ್ಟರು, ಮತ್ತೆ ಆ ಮಾತೆತ್ತಲಿಲ್ಲ. ನನ್ನ ಮದುವೆ ಆಮೇಲೆ ಆಯಿತು, ನಾನು ಹೂಂ ಅಂದವರ ಜೊತೆಗೇ.

ಅಪ್ಪ ಕಾರ್ಖಾನೆಗೆ ತಿರುಗಿ ಹೋದರು. ಮೊದಲು ಕೆಳಗೆ, ಸ್ಟೋರಿನಲ್ಲಿ ಹಗುರ ಕೆಲಸ. ತಮಗೆ ಏನಾಗಿತ್ತು ಅಂತ ಫೋರ್‌ಮನ್‌ಗೆ ತಾವೇ ಹೇಳಿದರು. ಹೇಳಬೇಕೋ ಬೇಡವೋ ಅಂತ ಮೇಡಂ ಹತ್ತಿರ ಹಲವು ಭಾನುವಾರ ಚರ್ಚೆ ನಡೆದಿತ್ತು. ಫೋರ್‌ಮನ್, ನನ್ನ ಭಾವನಿಗೂ ಹೀಗೇ ಆಗಿತ್ತು, ನಿಧಾನಕ್ಕೆ ಹತ್ತಿ ಅಂದರಂತೆ. ಕಾರ್ಖಾನೆಯ ಡಾಕ್ಟರು ನೋಡಿ ಒಪ್ಪಿದ ಮೇಲೆ, ಮೊದಲು ಜೊತೆಗೊಬ್ಬರನ್ನು ಕೂರಿಸಿಕೊಂಡು, ಖಾಲಿ ಕೊಕ್ಕೆಯಲ್ಲಿ ಕ್ರೇನ್ ಓಡಿಸಿದರು.

ಪೂರ್ತಿ ಪಾಳಿ ಒಬ್ಬರೇ ಕ್ರೇನಿನಲ್ಲಿ ಕೂತು ಬಂದ ದಿನ ಅಪ್ಪ ಮನೆಗೆ ಬಂದು ಕೈಕಾಲು ತೊಳೆದು, ಊಟ ಮಾಡಿ, ರೇಡಿಯೋ ಕೇಳಿ ಮಲಗಿಬಿಟ್ಟರು. ಅಮ್ಮ ಏನಾಯಿತು ಅಂತ ಕೇಳಲಿಲ್ಲ. ಕೇಳದೇ ಇರಲು ಅವರು ಪಟ್ಟ ಪಾಡು ನನಗೆ ಗೊತ್ತು. ಬೇಳೆಯ ಡಬ್ಬವನ್ನು ಮೂರು ಸಲ ತೆಗೆದು ಮುಚ್ಚಿದರು.

ಮರುದಿನ ಬೆಳಿಗ್ಗೆ ಅಪ್ಪ ಕನ್ನಡಿಯ ಮುಂದೆ ಕ್ರಾಪು ಬಾಚುತ್ತಾ ತಾವೇ ಹೇಳಿದರು. ಊಟದ ಹೊತ್ತಿಗೆ ಮುಂಚೆ ಒಂದು ಸಲ ಬಂತು, ಕೆಳಗಿನವರಿಗೆ ಕೈ ತೋರಿಸಿ ಸ್ವಲ್ಪ ತಡೀರಿ ಅಂದೆ, ಅವರು ಬೀಡಿ ಹಚ್ಚಿಕೊಂಡು ಕಾದರು, ಅದು ಹೋಯಿತು, ಕೆಲಸ ಶುರು ಮಾಡಿದೆ ಅಂದರು. ಅಮ್ಮ ಡಬ್ಬಿಗೆ ಚಿತ್ರಾನ್ನ ತುಂಬುತ್ತಾ ಕೇಳಿಸಿಕೊಂಡರು. ಒಂದು ಚಮಚ ಹೆಚ್ಚಿಗೆ ಹಾಕಿ ಮುಚ್ಚಳ ಒತ್ತಿದರು. ಅಪ್ಪ ಸೈಕಲ್ಲು ಹತ್ತಿ, ಪಕ್ಕದ ಮನೆಯ ಮಾಮನಿಗೆ ಬೆಲ್ಲು ಹೊಡೆದು, ಸೈರನ್ ಕೂಗುವ ಮೊದಲೇ ಹೊರಟುಹೋದರು.